ಸಾಸಿವೆ ಡಬ್ಬಿಯ ಜ್ಯೇಷ್ಠಮಧುವೂ ಒಂದು ಸಿನಿಮಾ ವಿಮರ್ಶೆಯೂ

ಹಲ್ಲುನೋವಿಗೆ ಲವಂಗ ಹುಡುಕುತ್ತಿದ್ದೆ. ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲ ಇರುವ ದುಂಡನೆಯ ಡಬ್ಬಿಯಲ್ಲಿ, ಲವಂಗದ ಬಟ್ಟಲೊಳಗೆ ಬೆರಳುದ್ದದ ಒಂದು ಕಡ್ಡಿ ಸಿಕ್ಕಿತು. ಮೂಸಿದೆ, ಗಂಟಲು ಕೆಟ್ಟರೆ ಅಗಿಯುವ ಜ್ಯೇಷ್ಠಮಧು. ಅದರ ಒಂದು ತುದಿಯನ್ನು ಯಾರೋ ಅಗಿದು ಕುಂಚದ ಹಾಗೆ ಮಾಡಿದ್ದರು. ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಹೆಂಡತಿ ರತ್ನ, ಇಬ್ಬರೇ. ನಾನಂತೂ ಅಗಿದಿಲ್ಲ.

ಇದರಲ್ಲೇನಿದೆ ಅಂತ ನಿಮಗೆ ಅನ್ನಿಸಬಹುದು. ನೀವು ಒಳ್ಳೆಯವರು. ನನ್ನ ಕಸುಬು ಅಂಥದ್ದಲ್ಲ. ಚನ್ನಪಟ್ಟಣದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದು ಮೇಜು, ಒಂದು ಕಂಪ್ಯೂಟರು ಇಟ್ಟುಕೊಂಡು ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವವನು ನಾನು. ಅಣ್ಣತಮ್ಮಂದಿರು ಹೆಗಲ ಮೇಲೆ ಕೈ ಹಾಕಿಕೊಂಡು ಬಂದು ಕೂತರೆ ನಾನು ಮೊದಲು ಕೇಳುವುದು, ಅಕ್ಕತಂಗಿಯರು ಇದ್ದಾರಾ ಅಂತ. ಇಲ್ಲ ಅನ್ನುತ್ತಾರೆ. ಟೀ ತರಿಸಿ ಇನ್ನೊಂದು ಸಲ ಕೇಳುತ್ತೇನೆ. ಟೀ ಮುಗಿಯುವ ಹೊತ್ತಿಗೆ ಕನಕಪುರದ ಕಡೆ ಕೊಟ್ಟ ಒಬ್ಬ ತಂಗಿ ಹೊರಗೆ ಬರುತ್ತಾಳೆ. ಹೀಗೆ ವರ್ಷಗಟ್ಟಲೆ ಮಾಡಿದ ಮೇಲೆ ಮನುಷ್ಯನಿಗೆ ಎದುರಿಗೆ ಯಾರು ನಕ್ಕರೂ ಆ ನಗುವಿನ ಹಿಂದೆ ಒಬ್ಬ ತಂಗಿ ಇದ್ದಾಳೆ ಅಂತಲೇ ಕಾಣುತ್ತದೆ.

ಕಡ್ಡಿಯನ್ನು ಇದ್ದ ಜಾಗದಲ್ಲೇ ಇಟ್ಟು, ಸಂಜೆ ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

"ಗಂಟ್ಲಲ್ಲಿ ಏನಾದ್ರೂ ತೊಂದ್ರೆನಾ?"

"ಯಾಕೆ?"

"ಸುಮ್ನೆ ಕೇಳಿದೆ."

"ಒಸಿ ಕೆರೀತದೆ," ಅಂದಳು ರತ್ನ. "ಮುದ್ದೆ ಇನ್ನೊಂದ್ ಅರ್ಧ ಹಾಕ್ಲಾ?"

ನಾನು ಅರ್ಧ ಮುದ್ದೆ ಹಾಕಿಸಿಕೊಂಡೆ. ಮಾತು ತಿರುಗಿಸಿದ್ದು ನನಗೆ ಗೊತ್ತಾಗಲಿಲ್ಲ ಅಂತ ಅವಳು ಅಂದುಕೊಂಡಿದ್ದರೆ ಅದು ಅವಳ ತಪ್ಪು.

ಈ ಅನುಮಾನ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಹಾಲಿಗೆ ಬೆರಳು ಅದ್ದಿ ನೋಡುತ್ತಿದ್ದರು, ತೆಂಗಿನಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ ಕೇಳುತ್ತಿದ್ದರು, ಬಸ್ಸಿಗೆ ಮಾಗಡಿ ಅಂತ ಬೋರ್ಡು ಇದ್ದರೂ ಕಂಡಕ್ಟರನ್ನು ಒಂದು ಸಲ, ಡ್ರೈವರನ್ನು ಒಂದು ಸಲ ಕೇಳಿ ಹತ್ತುತ್ತಿದ್ದರು. ಅವರು ನಮ್ಮನ್ನು ಟೆಂಟಿಗೆ ಸಿನಿಮಾ ನೋಡಲು ಕರೆದುಕೊಂಡು ಹೋದರೆ ಅಲ್ಲೂ ಅದೇ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ, "ಒದ್ದೆ ಹುಲ್ಲು ಕಣ್ರಲಾ, ಹೊಗೆ ನೋಡ್ರಿ," ಅನ್ನುತ್ತಿದ್ದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ, "ಅವ್ಳು ಸತ್ತಿಲ್ಲ ಕಣೇ, ಹೊಟ್ಟೆ ಆಡ್ತಾ ಐತೆ," ಅಂತ ತೋರಿಸುತ್ತಿದ್ದರು. ಅಮ್ಮ ಅಪ್ಪನ ಪಕ್ಕ ಬಿಟ್ಟು ಹೆಂಗಸರ ಕಡೆ ಹೋಗಿ ಕೂರುತ್ತಿದ್ದರು.

ಒಂದು ಸಲ ನಾನೇ ಅಪ್ಪನನ್ನು ಮೀರಿಸಲು ಹೋದೆ. ಪರದೆಯ ಹಿಂದೆ ಜನ ಇದ್ದಾರೆಂದು ಅನುಮಾನ ಬಂದು, ಉಚ್ಚೆಗೆ ಹೋಗುವ ನೆಪದಲ್ಲಿ ಟೆಂಟಿನ ಸುತ್ತ ಹೋಗಿ ಹಿಂಬದಿಯ ಬಟ್ಟೆ ಎತ್ತಿ ನುಸುಳಿದೆ. ಅಲ್ಲಿ ನಿಜಕ್ಕೂ ಜನ ಇದ್ದರು. ಟಿಕೆಟ್ಟಿಲ್ಲದ ನಾಲ್ಕಾರು ಮಂದಿ ಮಣ್ಣಿನ ಮೇಲೆ ಕೂತು ಹಿಂದುಮುಂದಾದ ಸಿನಿಮಾ ನೋಡುತ್ತಿದ್ದರು. ಹೀರೋ ಎಡಗೈಯಲ್ಲಿ ಹೊಡೆದಾಡುತ್ತಿದ್ದ. ಮಗುವಿಗೆ ಹಾಲೂಡುತ್ತಿದ್ದ ಒಬ್ಬ ಹೆಂಗಸು ಒಂದಿಷ್ಟು ಸರಿದು ನನಗೂ ಜಾಗ ಕೊಟ್ಟು, "ಕೂತ್ಕೊ ಮಗ, ಕತೆ ಇಲ್ಲಿಂದ್ಲೂ ಅದೇಯ," ಅಂದಳು. ನಾನು ಸಿನಿಮಾ ಮುಗಿಯುವವರೆಗೆ ಅಲ್ಲೇ ಕೂತಿದ್ದೆ. ಅಪ್ಪ ನನ್ನನ್ನು ಹುಡುಕಿ, ಸಿಕ್ಕಮೇಲೆ ಎರಡು ಬಿಟ್ಟು, ದಾರಿಯುದ್ದಕ್ಕೂ "ನಿಜ ಹೇಳ್ಲಾ, ಎಲ್ಲಿಗ್ ಹೋಗಿದ್ದೆ" ಅಂತ ಕೇಳಿದರು. ನಾನು ನಿಜವನ್ನೇ ಹೇಳುತ್ತಿದ್ದೆ. ನಂಬಲಿಲ್ಲ.

ಇಂಥವನನ್ನು ಸಿನಿಮಾ ವಿಮರ್ಶಕನನ್ನಾಗಿ ಮಾಡಿದವನು ಸಿದ್ದರಾಜು. ಸ್ಕೂಲಿನಿಂದ ಜೊತೆಗಾರ. ನಮ್ಮ ತಾಲ್ಲೂಕಿನಲ್ಲಿ ಒಂದು ವಾರಪತ್ರಿಕೆ ನಡೆಸುತ್ತಾನೆ. ಅದರ ಮೂರನೆಯ ಪುಟದಲ್ಲಿ ನಾನು ಬರೆಯುವ ವಿಮರ್ಶೆಗಳನ್ನು ಓದಿ ಯಾರೂ ಸಿನಿಮಾಕ್ಕೆ ಹೋದದ್ದಿಲ್ಲ, ಹೋಗುವುದನ್ನು ಬಿಟ್ಟದ್ದೂ ಇಲ್ಲ. ಈ ಕತೆ ಎಲ್ಲಿಂದ ಕದ್ದದ್ದು, ಈ ಮಳೆ ಎಷ್ಟು ಟ್ಯಾಂಕರಿನದು, ಹೀರೋಯಿನ್ ಹೊಲದಲ್ಲಿ ಕೆಲಸ ಮಾಡಿದರೂ ಉಗುರಿಗೆ ಮಣ್ಣು ಯಾಕೆ ಆಗಿಲ್ಲ, ಇಂಥವು ನನ್ನ ವಿಷಯಗಳು.

ಜ್ಯೇಷ್ಠಮಧುವಿಗೆ ಬರುತ್ತೇನೆ. ಅದೇ ದಿನಗಳಲ್ಲಿ ರತ್ನ ಶನಿವಾರ ಶನಿವಾರ ಕೆಂಗಲ್ ಆಂಜನೇಯನ ದೇವಸ್ಥಾನಕ್ಕೆ ಹೋಗಲು ಶುರು ಮಾಡಿದ್ದಳು. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಬರುವಾಗ ದೀಪ ಹಚ್ಚುವ ಹೊತ್ತು. ಚನ್ನಪಟ್ಟಣದಿಂದ ಕೆಂಗಲ್ ಎಷ್ಟು ದೂರ ಅಂತ ನಿಮಗೆ ಗೊತ್ತಿದ್ದರೆ ನನ್ನ ಕಷ್ಟವೂ ಗೊತ್ತಾಗುತ್ತದೆ. ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವುದರೊಳಗೆ ಬಂದುಬಿಡುತ್ತದೆ. ಮೊದಲಾದರೆ ಬಸ್ ಚಾರ್ಜಿಗೆ ಕೊಟ್ಟು ತಂದ ಚಿಲ್ಲರೆಯಿಂದಲೇ ಎಲ್ಲಿವರೆಗೆ ಹೋಗಿ ಬಂದಳು ಎಂದು ಊಹಿಸಬಹುದಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನನ್ನಂಥವರಿಗೆ ಆ ದಾರಿಯೂ ಮುಚ್ಚಿತು.

"ಏನ್ ಹರಕೆ?" ಅಂತ ಒಮ್ಮೆ ಕೇಳಿದೆ.

"ಹೇಳ್ಬಾರ್ದು," ಅಂದಳು.

ನಾಲ್ಕನೆಯ ಶನಿವಾರವೋ ಐದನೆಯದೋ, ಅವಳು ಹೋದ ಒಂದು ಗಂಟೆಗೆ ನಾನು ಮೊಪೆಡ್ ಹತ್ತಿ ಕೆಂಗಲ್ಲಿಗೆ ಹೋದೆ. ಶನಿವಾರವಾದ್ದರಿಂದ ಜನ ಇದ್ದರು. ಪ್ರದಕ್ಷಿಣೆ ಹಾಕುವವರ ಜೊತೆ ಸೇರಿ ಎರಡು ಸುತ್ತು ಬಂದೆ, ದೇವರಿಗಿಂತ ಹೆಂಗಸರ ಮುಖ ಹೆಚ್ಚು ನೋಡುತ್ತ. ಒಬ್ಬ ಅಜ್ಜಿ ಸೊಸೆಯನ್ನು ನನ್ನಿಂದ ಆಚೆ ಎಳೆದುಕೊಂಡಳು. ರತ್ನ ಅಲ್ಲಿರಲಿಲ್ಲ. ಹೂವಿನವಳ ಹತ್ತಿರ ಒಂದು ಮೊಳ ಹೂವು ಕೊಂಡು, ಕೇಳೋಣವೆಂದುಕೊಂಡು ಕೇಳದೆ, ಆ ಹೂವನ್ನು ಏನು ಮಾಡುವುದೆಂದು ತಿಳಿಯದೆ ಮೊಪೆಡ್ಡಿನ ಹ್ಯಾಂಡಲಿಗೆ ಸುತ್ತಿಕೊಂಡು ವಾಪಸು ಬಂದೆ. ಸಂಜೆ ಅವಳು ಬಂದು, "ದರ್ಸನ ಚೆನ್ನಾಗಾಯ್ತು," ಅಂದಳು. ಹಣೆಯಲ್ಲಿ ಕುಂಕುಮ ಇತ್ತು. ಕುಂಕುಮವನ್ನೂ ಅನುಮಾನದಿಂದ ನೋಡಿದೆ.

ಕನಕಪುರದಲ್ಲಿರುವ ಮಗಳಿಗೆ ಫೋನ್ ಮಾಡಿ, ಅಮ್ಮ ಏನಾದರೂ ಹೇಳಿದಳಾ ಅಂತ ಸುತ್ತುಬಳಸಿ ವಿಚಾರಿಸಿದೆ. "ಅಪ್ಪ, ಅಮ್ಮ ಪಕ್ಕದ ರೂಮಲ್ಲೇ ಇದಾರಲ್ಲ, ಅವರನ್ನೇ ಕೇಳಿ," ಅಂದಳು. ಅವಳು ಅಷ್ಟು ಬೇಗ ಉತ್ತರ ಕೊಟ್ಟಿದ್ದು ನನಗೆ ಸರಿಕಾಣಲಿಲ್ಲ.

ಕೇಳಬಹುದಿತ್ತು. ಕೇಳಲಿಲ್ಲ. ನಿಮಗೆ ಗೊತ್ತಿರಲಿ, ಅನುಮಾನಪಡುವವನಿಗೆ ಸಣ್ಣ ವಿಷಯ ಕೇಳುವುದು ಸುಲಭ, ಯಾವ ಬಸ್ಸು, ಯಾರು ಸಿಕ್ಕಿದ್ದರು, ಯಾಕೆ ತಡ ಅಂತ. ದೊಡ್ಡದನ್ನು ಕೇಳಲು ನಾಲಿಗೆ ಏಳುವುದಿಲ್ಲ, ಉತ್ತರ ಬಂದುಬಿಟ್ಟರೆ ಅನ್ನುವ ಭಯ. ಐವತ್ತು ದಾಟಿದ, ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸಿನ ಮೇಲೆ ಎಂಥ ಅನುಮಾನ ಅಂತ ನೀವು ನಗಬಹುದು. ನಾನೂ ಹಗಲು ಹೊತ್ತು ನಗುತ್ತಿದ್ದೆ. ಸ್ವಲ್ಪ ದಿನದ ಮೇಲೆ ಆ ಹರಕೆ ಹೇಗೆ ಶುರುವಾಯಿತೋ ಹಾಗೇ ನಿಂತುಹೋಯಿತು. ಅವಳು ಶನಿವಾರ ಮನೆಯಲ್ಲೇ ಇರತೊಡಗಿದಳು. ಅದರಿಂದ ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು.

ಅವರೆಕಾಯಿ ಕಾಲ ಬಂತು. ಒಂದು ದಿನ ಸಿದ್ದರಾಜು ನನ್ನ ಮೇಜಿನ ಹತ್ತಿರ ಬಂದು ಕೂತ.

"ಲೇ ಪುಟ್ಸಾಮಿ, ಬಾನ್ವಾರ ಬೆಳಿಗ್ಗೆ ರಾಮನಗರದಲ್ಲಿ ಒಂದು ಸಿನ್ಮಾ ತೋರುಸ್ತಾರಂತೆ. ಕನಕಪುರದ ಹುಡ್ಗಿ ಮಾಡಿರೋದು. ನಮ್ ಕಡೇದೇ ಕತೆ. ಬಾ, ಬರುದ್ಕೊಡು."

"ಹಾಡೈತಾ?"

"ಇಲ್ಲ."

"ಫೈಟು?"

"ಗಂಡ ಹೆಂಡ್ತಿ ಕತೆ ಕಣ್ಲಾ. ಅದ್ರಾಗೇ ಐತಲ್ಲ ಫೈಟು."

ಅವಾರ್ಡಿಗೆ ಮಾಡಿದ್ದಿರಬೇಕು ಅಂತ ಅನುಮಾನಪಟ್ಟೇ ಒಪ್ಪಿದೆ. ಮನೆಯಲ್ಲಿ ರತ್ನನನ್ನು ಕರೆದರೆ, "ನಂಗ್ ಬಟ್ಟೆ ಒಗಿಯೋದೈತೆ, ನೀವ್ ಹೋಗ್ಬನ್ನಿ," ಅಂದಳು. ಆದರೆ ಭಾನುವಾರ ನನ್ನ ಷರಟು ಇಸ್ತ್ರಿ ಮಾಡಿ ಇಟ್ಟಿದ್ದಳು. ನಾನು ಸಿನಿಮಾಕ್ಕೆ ಹೋಗುವಾಗ ಅವಳು ಯಾವತ್ತೂ ಷರಟು ಇಸ್ತ್ರಿ ಮಾಡಿದವಳಲ್ಲ.

ಸಿನಿಮಾದ ಹೆಸರು ಇಲ್ಲಿ ಹೇಳುವುದಿಲ್ಲ, ಜಾಹೀರಾತು ಅಂದುಕೊಂಡೀರಿ. ಕತೆ ಇಷ್ಟು. ಮಾಗಡಿಯಂಥ ಒಂದು ಊರು, ಅಲ್ಲೊಬ್ಬ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿಯವನು. ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಹೆಂಡತಿ ಎಲ್ಲಿ ಹೋದಳು, ಯಾರ ಜೊತೆ ಮಾತಾಡಿದಳು, ಯಾಕೆ ನಕ್ಕಳು ಅಂತ ಕೇಳುತ್ತಿರುತ್ತಾನೆ. ಅವಳ ಜೊತೆ ಓದಿದವನೊಬ್ಬ ದನದ ಆಸ್ಪತ್ರೆಗೆ ವರ್ಗವಾಗಿ ಬರುತ್ತಾನೆ. ಅವರಿಬ್ಬರ ನಡುವೆ ಏನೂ ನಡೆಯುವುದಿಲ್ಲ. ಆದರೆ ಗಂಡ ಕೇಳುವುದು ಹೆಚ್ಚಾಗುತ್ತದೆ, ಹೆಂಡತಿ ಹೇಳುವುದು ಕಡಿಮೆಯಾಗುತ್ತದೆ. ಕೊನೆಗೆ ಅವಳು ಅಕ್ಕನ ಊರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂರುತ್ತಾಳೆ. ಬಸ್ಸು ಹೊರಡುವ ಮೊದಲೇ ಸಿನಿಮಾ ಮುಗಿಯುತ್ತದೆ.

ಶುರುವಿನಲ್ಲಿ ಒಂದು ಮುಚ್ಚಿದ ಬಾಗಿಲು ತೋರಿಸುತ್ತಾರೆ. ಗಂಡ ಹೊರಗಿನಿಂದ ಬಡಿಯುತ್ತಾನೆ. ಒಳಗಿನಿಂದ ಹೆಂಗಸಿನ ದನಿ, "ಬಂದೇ, ಒಸಿ ತಡೀರಿ."

ನಾನು ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ನೋಡಿದೆ. ರತ್ನ ಟಾಕೀಸಿಗೆ ಬಂದಿದ್ದಾಳೆ ಅಂತಲೇ ಅಂದುಕೊಂಡೆ. ಹಿಂದಿನ ಸಾಲಿನಲ್ಲಿದ್ದ ಇಬ್ಬರು ಮೇಷ್ಟ್ರುಗಳು ನನ್ನನ್ನೇ ನೋಡಿದರು. ಪರದೆಯ ಮೇಲೆ ಬಾಗಿಲು ತೆರೆಯಿತು. ಧಾರವಾಡದ ಕಡೆಯವಳಂತೆ, ಬಟ್ಟಲು ಕಣ್ಣಿನ ಒಬ್ಬ ಸಣ್ಣ ಪ್ರಾಯದ ನಟಿ. ಅವಳು ಬಾಯಿ ತೆರೆದರೆ ನನ್ನ ಹೆಂಡತಿ ಮಾತಾಡುತ್ತಿದ್ದಳು.

ನನಗಾದದ್ದನ್ನು ಹೇಗೆ ಹೇಳಲಿ. ಒಂದು ಕಡೆ ಸಮಾಧಾನ, ಶನಿವಾರಗಳ ಲೆಕ್ಕ ಸಿಕ್ಕಿತು ಅಂತ. ಗಂಟಲು, ಜ್ಯೇಷ್ಠಮಧು, ಎಲ್ಲ ಒಂದೊಂದಾಗಿ ಬಂದು ಜಾಗದಲ್ಲಿ ಕೂತವು. ಇನ್ನೊಂದು ಕಡೆ, ಮುನ್ನೂರು ಜನರ ನಡುವೆ ಕೂತಿದ್ದೇನೆ, ಆ ದನಿ ಯಾರೋ ಗಂಡಸಿಗೆ "ರೀ" ಅನ್ನುತ್ತಿದೆ. ಅವನಿಗೆ ಅನ್ನ ಬಡಿಸುತ್ತಿದೆ. ಅವನ ಮೇಲೆ ಸಿಟ್ಟು ಬಂತು. ಅವನು ನಟ, ನಿಜ. ಆದರೂ ಬಂತು.

ಪಕ್ಕದಲ್ಲಿ ಸಿದ್ದರಾಜು, "ಎಣ್ಣುಮಗ್ಳು ಚೆನ್ನಾಗ್ ಮಾತಾಡ್ತಾಳೆ ಕಣ್ಲಾ, ನಮ್ ಕಡೆಯೋಳೇ ಅನ್ನಂಗೆ," ಅಂದ. ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದಾನೆ ಇವನು. ಗೊತ್ತಿಲ್ಲದೆ ಅಂದನೋ ಗೊತ್ತಿದ್ದು ಅಂದನೋ ಅಂತ ಕತ್ತಲಲ್ಲಿ ಅವನ ಮುಖ ನೋಡಿದೆ. ಕಡಲೆಕಾಯಿ ತಿನ್ನುತ್ತಿದ್ದ.

ಒಂದು ಕಡೆ ಅವಳು ಪಕ್ಕದ ಮನೆಯವಳ ಜೊತೆ ಕಾಂಪೌಂಡಿನ ಮೇಲಿಂದ ಮಾತಾಡುತ್ತ ನಗುತ್ತಾಳೆ. ನಡುನಡುವೆ ಉಸಿರು ಸಿಕ್ಕಿಕೊಂಡು ಮತ್ತೆ ಬಿಡುವ ಉದ್ದನೆಯ ನಗು. ದನಿ ರತ್ನನದೇ. ಆ ನಗು ಮಾತ್ರ ನಾನು ಕೇಳಿದ್ದಾಗಿರಲಿಲ್ಲ. ಯಾರು ಕಲಿಸಿದರು ಅಂತ ಯೋಚಿಸಿದೆ. ಕಲಿಸಿದ್ದಲ್ಲ, ಅವಳಲ್ಲಿ ಇದ್ದದ್ದೇ ಅಂತ ಆಮೇಲೆ ಅನ್ನಿಸಿತು.

ಇನ್ನೊಂದು ಕಡೆ, ಅವಳು ತಡವಾಗಿ ಮನೆಗೆ ಬಂದು ಪಾತ್ರೆ ತೊಳೆಯುತ್ತ ನಿಂತಿದ್ದಾಳೆ. ನಮಗೆ ಕಾಣುವುದು ಬೆನ್ನು ಮಾತ್ರ. ಗಂಡ ಬಾಗಿಲಲ್ಲಿ ನಿಂತು, ನಾಲ್ಕು ಗಂಟೆ ಬಸ್ಸಿಗೆ ಬರಬೇಕಾಗಿತ್ತಲ್ಲ, ಯಾಕೆ ಬರಲಿಲ್ಲ, ಅಂಗಡಿಯಿಂದ ನೋಡುತ್ತಲೇ ಇದ್ದೆ, ಅಂತ ಕೇಳುತ್ತಾನೆ. ಬಹಳ ಹೊತ್ತು ಪಾತ್ರೆಯ ಸದ್ದು. ಆಮೇಲೆ ದನಿ ಬಂತು.

"ನಾನು ಬಸ್ಸಿಳ್ದ ಟೈಮು ನಿಮ್ಗೆ ಗೊತ್ತಿರ್ತದೆ. ಹತ್ತೋವಾಗ ನನ್ ಮನಸೆಂಗಿತ್ತು ಅಂತ ಒಂದಿನಾನಾರ ಕೇಳಿದ್ದೀರಾ?" ಸ್ವಲ್ಪ ತಡೆದು, "ಬುಡಿ. ಕೈ ತೊಳ್ಕೊಂಡ್ ಬನ್ನಿ, ಉಣ್ಣೋರಂತೆ."

ಸಿದ್ದರಾಜು ಕಡಲೆಕಾಯಿ ಸುಲಿಯುವುದು ನಿಲ್ಲಿಸಿದ.

ಸಿನಿಮಾ ಮುಗಿದ ಮೇಲೆ ಅದನ್ನು ಮಾಡಿದ ಹುಡುಗಿ ಮುಂದೆ ಬಂದು ನಿಂತಳು. ಚೈತ್ರ ಅಂತ ಹೆಸರು. ಕುರಿ ಸಾಕುವ ಮನೆಯ ಮಗಳಂತೆ, ಮೈಸೂರಿನಲ್ಲಿ ಓದಿದವಳಂತೆ. ನನ್ನ ಹಿಂದಿದ್ದ ಮೇಷ್ಟ್ರೊಬ್ಬರು ಎದ್ದು, ಪಾತ್ರೆ ತೊಳೆಯುವಾಗಿನ ಆ ಮಾತು ಬಹಳ ಚೆನ್ನಾಗಿದೆ, ಹೇಗೆ ಬರೆದಿರಿ ಅಂತ ಕೇಳಿದರು.

"ಅದು ನಾನು ಬರೆದಿದ್ದಲ್ಲ ಸರ್," ಅಂದಳು ಚೈತ್ರ. "ಅಲ್ಲಿ ಮಾತೇ ಇರಲಿಲ್ಲ, ಪಾತ್ರೆ ಸದ್ದು ಮಾತ್ರ ಇತ್ತು. ನಮ್ಮ ಹೀರೋಯಿನ್‌ಗೆ ಈ ಕಡೆ ಮಾತು ಬರ್ತಿರ್ಲಿಲ್ಲ, ಅದಕ್ಕೆ ಇಲ್ಲಿಯವರೇ ಒಬ್ಬ ಆಂಟಿ ಡಬ್ಬಿಂಗ್ ಮಾಡಿದ್ರು. ಮಾಗಡಿ ಬಸ್ಸಲ್ಲಿ ಅವರು ಅಕ್ಕನ ಜೊತೆ ಫೋನಲ್ಲಿ ಮಾತಾಡೋದು ಕೇಳಿಸ್ಕೊಂಡು, ನಾನು ಇಳಿಯೋ ಸ್ಟಾಪಲ್ಲಿ ಇಳೀದೆ ಅವರ ಹಿಂದೆ ಹೋಗಿದ್ದೆ. ಆ ಸೀನ್ ಬಂದಾಗ ಅವರು ಸ್ಕ್ರೀನ್ ನೋಡ್ಕೊಂಡು, ಮೈಕ್ ಆನ್ ಇರೋದು ಮರೆತು, ತಾವೇ ಹಾಗಂದ್ಬಿಟ್ರು. ಇಟ್ಕೋಬಹುದಾ ಅಂತ ಕೇಳಿದ್ವಿ. ಯೋಚನೆ ಮಾಡಿ ಹೇಳ್ತೀನಿ ಅಂದ್ರು. ಮುಂದಿನ ವಾರ ಬಂದು ಇಟ್ಕೊಳಿ ಅಂದ್ರು."

"ಯಾರಮ್ಮ ಅವರು?"

"ಹೆಸರು ಹಾಕ್ಬೇಡಿ ಅಂದಿದ್ದಾರೆ ಸರ್."

ಸಿದ್ದರಾಜು ನನ್ನ ಮೊಣಕೈ ತಿವಿದು, "ಕೇಳ್ಲಾ ನೀನೂ ಏನಾರ, ಕತೆ ಎಲ್ಲಿಂದ ಕದ್ರಿ ಅಂತ," ಅಂದ. ಕತೆ ಎಲ್ಲಿಂದ ಬಂತು ಅಂತ ನನಗೆ ಈ ಸಲ ಬೇಕಾದ್ದಕ್ಕಿಂತ ಹೆಚ್ಚಾಗಿ ಗೊತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಜೋಡಿಸಿಕೊಂಡೆ. ಕೆಂಗಲ್ ಬಂದು ಹೋಯಿತು, ಆ ಕಡೆ ತಿರುಗಿ ನೋಡಲಿಲ್ಲ.

ರತ್ನ ಹಜಾರದಲ್ಲಿ ಪೇಪರು ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಎಂಗಿತ್ತು ಸಿನ್ಮಾ?" ಅಂದಳು.

"ಪರವಾಗಿಲ್ಲ."

"ಪರ್ವಾಗಿಲ್ಲ ಅಂದ್ರೆ?"

ಷರಟು ಬಿಚ್ಚದೆ ಅವಳೆದುರು ಕೂತು ನಾನೂ ಒಂದು ಹಿಡಿ ಕಾಯಿ ಎಳೆದುಕೊಂಡೆ. ಸ್ವಲ್ಪ ಹೊತ್ತು ಇಬ್ಬರೂ ಸುಲಿದೆವು.

"ಶನಿವಾರ ಕೆಂಗಲ್‌ಗೆ ಅಂತ ಹೋಗ್ತಿದ್ದೆ ನೀನು," ಅಂದೆ.

"ಹೋಯ್ತಿದ್ದೆ. ಇಳ್ದು ಕೈ ಮುಕ್ಕೊಂಡು ಮುಂದಿನ್ ಬಸ್ಸಿಗೆ ರಾಮನಗರಕ್ಕೆ ಹೋಯ್ತಿದ್ದೆ. ರೇಸ್ಮೆ ಗೂಡಿನ ಮಾರ್ಕೆಟ್ ಹತ್ರ, ಮ್ಯಾಡಿ ಮೇಲೆ ಒಂದು ರೂಮು. ಎಲೆಕ್ಸನ್ ಬಂದಾಗ ಆಟೋಗೆ ಕೂಗೋದನ್ನ ಅಲ್ಲೇ ರೆಕಾಡ್ ಮಾಡೋದಂತೆ."

"ನಾನು ಒಂದಿನ ಕೆಂಗಲ್‌ಗೆ ಬಂದಿದ್ದೆ."

"ಗೊತ್ತು. ಹೂವಿನೋಳು ಹೇಳುದ್ಲು, ಅವ್ಳ ಮನೆ ಪತ್ರ ನೀವೇ ಬರ್ಕೊಟ್ಟಿದ್ದಂತೆ. ನಿಮ್ಮೆಜಮಾನ್ರು ಬಂದು ಒಂದ್ ಮೊಳ ತಕ್ಕೊಂಡು ಮೊಪೆಡ್ಗೆ ಮುಡ್ಸುದ್ರು ಅಂತ."

ನಾನು ಒಂದು ಹುಳುಕು ಕಾಯಿ ನೋಡುತ್ತ ಕೂತೆ. ಎಷ್ಟೋ ತಿಂಗಳಿಂದ ಅವಳಿಗೆ ಗೊತ್ತಿತ್ತು. ಅದು ನನಗೆ ಗೊತ್ತಿಲ್ಲ ಅನ್ನುವುದೂ ಗೊತ್ತಿತ್ತು.

"ಹೇಳ್ಬಹುದಿತ್ತಲ್ಲ," ಅಂದೆ.

"ಹೇಳಿದ್ರೆ ನೀವೇನ್ ಕೇಳ್ತಿದ್ರಿ? ಯಾವ ಸ್ಟುಡಿಯೊ, ಯಾರವ್ರು, ಯಾಕ್ ನಿನ್ನೇ ಕರುದ್ರು, ಅಲ್ಲಿ ಗಂಡುಸ್ರು ಯಾರ್ಯಾರವ್ರೆ. ಎಲ್ಲಾ ಕೇಳಿ ಮುಗ್ಸೋವೊತ್ಗೆ ನಂಗೇ ಸಾಕಾಗಿ ಬ್ಯಾಡ ಅನ್ಬುಡ್ತಿದ್ದೆ. ನಂಗ್ ಮಾಡ್ಬೇಕು ಅನ್ಸಿತ್ತು. ಅದ್ಕೇ ಹೇಳ್ನಿಲ್ಲ."

"ಮಗಳಿಗೆ ಗೊತ್ತಾ?"

"ಊಂ."

"ಆ ಮಾತು," ಅಂದೆ, "ಪಾತ್ರೆ ತೊಳೆಯುವಾಗ ಹೇಳಿದ್ದು. ಅದು ನನಗೆ ಹೇಳಿದ್ದಾ?"

ರತ್ನ ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಆ ಹುಡ್ಗಿ ಬೆನ್ನು ಮಾಡಿ ನಿಂತಿದ್ಲು. ಅವ್ನು ಕೇಳ್ತಾನೇ ಅವ್ನೆ. ಇವ್ಳು ಬಾಯೇ ಬುಡ್ತಿಲ್ಲ. ನಂಗ್ ತಡ್ಕೊಳಕಾಗ್ನಿಲ್ಲ, ಅಂದ್ಬುಟ್ಟೆ. ಯಾರ್ಗ್ ಅಂದೆ ಅಂತ ನಂಗೂ ಸರ್ಯಾಗ್ ಗೊತ್ತಿಲ್ಲ. ನಿಮ್ಗೇ ಇರ್ಬೋದು. ಒಸಿ ನಮ್ಮಪ್ಪಂಗೂ ಇರ್ಬೋದು."

ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ನಾನು ಇಷ್ಟು ವರ್ಷ ಬೇಕು ಬೇಕು ಅನ್ನುತ್ತಿದ್ದ ನಿಜವಾದ ಉತ್ತರ ಅದೇ ಇರಬೇಕು. ಸಿಕ್ಕಾಗ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನೀನು ಒಂದು ವಾರ ಯೋಚನೆ ಮಾಡಿದ್ದೆ ಅಂದಳು ಆ ಹುಡುಗಿ. ಏನು ಯೋಚನೆ?"

"ನೀವ್ ಎಂಗೂ ಆ ಸಿನ್ಮಾಕ್ಕೆ ಹೋಯ್ತೀರ. ನನ್ ದನಿ ಅಂತ ನಿಮ್ಗೆ ಗುರ್ತು ಸಿಕ್ತದೋ ಇಲ್ವೋ ಅಂತ."

"ಸಿಕ್ತು."

"ಯಾವಾಗ?"

"ಮೊದಲನೇ ಮಾತಿಗೇ. ಬಾಗಿಲು ಇನ್ನೂ ತೆಗೆದಿರಲಿಲ್ಲ."

ಅವಳು, "ಅಂಗಾರೆ ಸರಿ," ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಗುರುತು ಸಿಗಲಿಲ್ಲ ಅಂತ ಹೇಳಿದ್ದರೆ ಏನಾಗುತ್ತಿತ್ತೋ, ಅದನ್ನು ಇವತ್ತಿಗೂ ಕೇಳಿಲ್ಲ.

ಇನ್ನು ವಿಮರ್ಶೆ. ಸಿದ್ದರಾಜು ದಿನಾ ಫೋನು ಮಾಡುತ್ತಿದ್ದ. ನಾನು ಅಷ್ಟು ಸಲ ಬರೆದು ಹರಿದು ಹಾಕಿದ್ದು ಯಾವ ಕ್ರಯಪತ್ರಕ್ಕೂ ಇಲ್ಲ. ಹೊಗಳಿದರೆ ಹೆಂಡತಿಯ ಪರ, ತೆಗಳಿದರೆ ಊಟ ಮನೆಯಲ್ಲೇ ಮಾಡಬೇಕು, ಬರೆಯದೆ ಬಿಟ್ಟರೆ ಸುಳ್ಳು. ಗಂಡನ ಪಾತ್ರ ಮಾಡಿದವನು ಕಣ್ಣು ಜಾಸ್ತಿ ಅರಳಿಸುತ್ತಾನೆ ಅಂತ ಬರೆದೆ. ಬಸ್ಸು ಹೊರಡುವ ಮೊದಲೇ ಸಿನಿಮಾ ಮುಗಿಸಿದ್ದು ಡೀಸೆಲಿಗೆ ದುಡ್ಡಿಲ್ಲದೆಯೋ ಬೇಕೆಂದೋ ಎಂಬ ಅನುಮಾನವನ್ನೂ ಬರೆದೆ. ಕೊನೆಯಲ್ಲಿ ಒಂದು ವಾಕ್ಯ: 'ನಾಯಕಿಯ ದನಿ ಈ ಸೀಮೆಯದು, ಕೇಳುತ್ತ ನಮ್ಮ ಮನೆಯಲ್ಲೇ ಕೂತ ಹಾಗಾಗಿ ಅಂಜಿಕೆಯಾಯಿತು.'

ಪತ್ರಿಕೆ ಬಂತು. ರತ್ನ ನನ್ನ ವಿಮರ್ಶೆಗಳನ್ನು ಓದುವವಳಲ್ಲ, ಮೂರನೆಯ ಪುಟದಲ್ಲಿ ಸಾಮಾನ್ಯವಾಗಿ ಕರಿದ ಹಪ್ಪಳ ಹಾಕುತ್ತಾಳೆ. ಅವತ್ತು ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತು ಪೂರ್ತಿ ಓದಿದಳು. ಪತ್ರಿಕೆಯನ್ನು ನನ್ನ ಮುಂದೆ ಇಟ್ಟು, "ಇಷ್ಟೇನಾ?" ಅಂದಳು.

ನೋಡಿದೆ. ನನ್ನ ವಾಕ್ಯ ಇರಲಿಲ್ಲ. ಅದರ ಜಾಗದಲ್ಲಿ 'ಡಬ್ಬಿಂಗ್ ಉತ್ತಮವಾಗಿದೆ' ಅಂತ ಇತ್ತು.

ಸಿದ್ದರಾಜುಗೆ ಫೋನ್ ಮಾಡಿದರೆ, "ಮನೇಲ್ ಕೂತಂಗಾದ್ರೆ ಅಂಜಿಕೆ ಯಾಕ್ಲಾ ಆಯ್ತದೆ? ಅರ್ತವೇ ಆಗ್ನಿಲ್ಲ, ತಗುದಾಕ್ದೆ," ಅಂದ. ರತ್ನನಿಗೆ ಹೇಳಿದೆ, ನಾನು ಬೇರೆ ಬರೆದಿದ್ದೆ, ಅವನು ಕತ್ತರಿ ಹಾಕಿದ ಅಂತ.

"ಓಹೋ," ಅಂದಳು.

"ನಿಜವಾಗ್ಲೂ."

"ಏನ್ ಬರ್ದಿದ್ರಿ, ಹೇಳಿ ಮತ್ತೆ."

ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು, ನಾನು ಮೇಜಿನ ಆಚೆ ಕೂತ ಅಣ್ಣತಮ್ಮಂದಿರನ್ನು ನೋಡುವ ಹಾಗೆ. "ಇವಾಗ್ ಕಟ್ಕೊಂಡ್ ಹೇಳ್ತಾ ಇರ್ಬೋದು," ಅಂದಳು. ನಿಜ ಹೇಳಿ ನಂಬಿಸಲಾಗದೆ ನಿಲ್ಲುವುದು ಎಷ್ಟು ಕಷ್ಟ ಅಂತ ಅವತ್ತು ಮತ್ತೆ ಗೊತ್ತಾಯಿತು. ಆಣೆ ಮಾಡಲು ಹೋದೆ. "ಬುಡಿ, ಅದ್ಕೆಲ್ಲಾ ಯಾಕ್ ದ್ಯಾವ್ರು," ಅಂದಳು.

ಆಮೇಲೆ ಅವಳಿಗೆ ಒಂದೆರಡು ಕಡೆ ಡಬ್ಬಿಂಗಿಗೆ ಕರೆ ಬಂತು. ಒಂದು ಸಣ್ಣ ಸಿನಿಮಾದಲ್ಲಿ ಅಜ್ಜಿಯ ದನಿ, ಇನ್ನೊಂದರಲ್ಲಿ ಸಂತೆಯಲ್ಲಿ ಜಗಳ ಆಡುವವಳ ದನಿ. ಹೊರಡುವಾಗ, "ಹೋಗ್ ಬತ್ತೀನಿ," ಅನ್ನುತ್ತಾಳೆ. ನಾನು "ಹೂಂ" ಅನ್ನುತ್ತೇನೆ. ಯಾವ ಬಸ್ಸು, ಎಷ್ಟು ಹೊತ್ತು ಅಂತ ಕೇಳುವುದಿಲ್ಲ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೇನೆ. ಆ ಹೂಂ ಅನ್ನುವುದಕ್ಕೆ ಎಷ್ಟು ಶ್ರಮ ಬೇಕೆಂದು ಕೇಳದೆ ಇದ್ದು ನೋಡಿದವರಿಗೇ ಗೊತ್ತು. ಅನುಮಾನ ಹೋಯಿತು ಅಂತ ಬರೆದರೆ ನೀವು ನಂಬಬಾರದು. ಈಗ ಬೇರೆ ಥರದ ಅನುಮಾನ. ಅವಳು ಪ್ರೀತಿಯಿಂದ ಮಾತಾಡಿದರೆ, ಇದು ಮನೆಯದೋ ಮೈಕಿನದೋ ಅಂತ ಕಿವಿ ನೆಟ್ಟಗಾಗುತ್ತದೆ.

ಕಳೆದ ವಾರ ಚೈತ್ರ ನಮ್ಮ ಮನೆಗೆ ಬಂದಿದ್ದಳು. ಹೊಸ ಸಿನಿಮಾದ ಬಗ್ಗೆ ಮಾತಾಡಲು ಅಂತೆ. ನನಗೆ ನಮಸ್ಕಾರ ಮಾಡಿ ಸೀದಾ ಅಡುಗೆಮನೆಗೆ ಹೋದಳು. ನಾನು ಹಜಾರದಲ್ಲಿ ಪೇಪರು ಹಿಡಿದು ಕೂತೆ. ನಮ್ಮದು ಸಣ್ಣ ಮನೆ, ಕೇಳಿಸಿಕೊಳ್ಳಲು ಪ್ರಯತ್ನಪಡಬೇಕಾಗಿಲ್ಲ. ಆದರೂ ಸ್ವಲ್ಪ ಪಟ್ಟೆ.

"ಅಂಕಲ್ ಬೇಜಾರ್ ಮಾಡ್ಕೊಂಡ್ರಾ ಆಂಟಿ? ಈಗ ಬದಲಾಗಿದಾರಾ?" ಅಂತ ಚೈತ್ರ ದನಿ ತಗ್ಗಿಸಿ ಕೇಳಿದಳು.

ರತ್ನ ದನಿ ತಗ್ಗಿಸಲಿಲ್ಲ. "ಎಲ್ ಬದ್ಲಾಯ್ತಾರವ್ವ ಈ ವಯಸ್ನಾಗೆ. ಬಾಯಲ್ಲಿ ಕೇಳದು ಬುಟ್ಟವ್ರೆ, ಅಷ್ಟೆ. ಈಗ ಮಕದಲ್ಲಿ ಕೇಳ್ತರೆ. ನಾನು ಹೊರುಟ್ರೆ ಅದೇ ಪೇಪರ್ನ ಇಂದಕ್ಕೂ ಮುಂದಕ್ಕೂ ತಿರುವಾಕ್ತಾ ಕೂತಿರ್ತರೆ. ಪಾಪ ಅನ್ನುಸ್ತದೆ. ಒಂದೊಂದಿನ ನಾನೇ ಎಲ್ಲಾ ಹೇಳ್ಬುಟ್ಟು ಹೋಯ್ತೀನಿ."

"ಹೇಳಿದ್ರೆ ಏನಂತಾರೆ?"

"ಊಂ ಅಂತರೆ. ನಂಗೇನು ಬೇಕಿರ್ನಿಲ್ಲ ಅನ್ನಂಗೆ."

ಇಬ್ಬರೂ ನಕ್ಕರು. ನಾನು ಪೇಪರು ತಿರುವಿ ಹಾಕಲು ಹೋಗಿ, ಸದ್ದಾಗುತ್ತದೆಂದು ಅರ್ಧಕ್ಕೇ ನಿಲ್ಲಿಸಿದೆ. ಈ ಹುಡುಗಿ ಇದನ್ನೂ ಎಲ್ಲಾದರೂ ಬರೆದುಕೊಳ್ಳುತ್ತಿದ್ದಾಳೋ ಏನೋ, ಮುಂದಿನ ಸಿನಿಮಾದಲ್ಲಿ ಪೇಪರು ಹಿಡಿದ ಮುದುಕನೊಬ್ಬ ಬಂದರೆ ಏನು ಗತಿ ಅಂತ ಯೋಚಿಸುತ್ತಿರುವಾಗ ಒಳಗಿನಿಂದ ರತ್ನ ಕೂಗಿದಳು.

"ರೀ, ಅಲ್ಲಿಂದ ಕೇಳುಸ್ಕೊಂಡಿದ್ದು ಸಾಕು, ಒಳಿಕ್ ಬನ್ನಿ. ಟೀ ಆರೋಯ್ತದೆ."

ಎದ್ದು ಹೋದೆ. ಅಡುಗೆಮನೆಯಲ್ಲಿ ನನಗೂ ಒಂದು ಸ್ಟೂಲು ಹಾಕಿಟ್ಟಿದ್ದಳು.